ಹನ್ನೊಂದು ಡಾಲರಿನ ಜಗಳ

ಪೌರತ್ವ ತಿದ್ದುಪಡಿ ಕಾಯ್ದೆಯ ಗದ್ದಲ ಕಾವೇರಿದ್ದ 2020ರ ಫೆಬ್ರುವರಿಯಲ್ಲಿ ಆಗಿನ ಗೃಹ ಖಾತೆ ರಾಜ್ಯ ಸಚಿವ ಜಿ. ಕಿಶನ್ ರೆಡ್ಡಿ ಒಂದು ಮಾತು ಹೇಳಿದ್ದರು. ಭಾರತ ಪೌರತ್ವ ಕೊಡುತ್ತೇನೆಂದರೆ ಅರ್ಧ ಬಾಂಗ್ಲಾದೇಶವೇ ಖಾಲಿಯಾಗುತ್ತದೆ ಎಂಬುದು ಅದರ ಸಾರ. ಅದೇ ವರ್ಷದ ಅಕ್ಟೋಬರಿನಲ್ಲಿ ಐಎಂಎಫ್ ತನ್ನ ಅಂದಾಜು ಪ್ರಕಟಿಸಿತು. ಕೋವಿಡ್ ವರ್ಷದಲ್ಲಿ ಭಾರತದ ಆರ್ಥಿಕತೆ ಶೇ 10.3ರಷ್ಟು ಕುಗ್ಗುತ್ತದೆ, ಬಾಂಗ್ಲಾದ್ದು ಶೇ 3.8ರಷ್ಟು ಬೆಳೆಯುತ್ತದೆ, ತಲಾವಾರು ಜಿಡಿಪಿ ಅವರದು 1,888 ಡಾಲರ್, ನಮ್ಮದು 1,877. ಅಂತರ ಹನ್ನೊಂದು ಡಾಲರ್. ಬೆಂಗಳೂರಿನ ಸಾಧಾರಣ ಹೋಟೆಲಿನಲ್ಲಿ ನಾಲ್ವರು ಊಟ ಮಾಡಿ ಎದ್ದರೆ ಮುಗಿಯುವ ದುಡ್ಡು.

ಆ ಹನ್ನೊಂದು ಡಾಲರಿಗಾಗಿ ನಡೆದ ಜಗಳ ಮಾತ್ರ ಸಣ್ಣದಲ್ಲ. ವಿರೋಧ ಪಕ್ಷಕ್ಕೆ ಕೈಗೊಂದು ಚಾಟಿ ಸಿಕ್ಕಿತು. ಸರ್ಕಾರದ ಕಡೆಯವರು ಖರೀದಿ ಶಕ್ತಿಯ ಲೆಕ್ಕ ತೆಗೆದು, ಆ ಅಳತೆಯಲ್ಲಿ ನಾವೇ ಮುಂದೆ ಎಂದರು. ನಾಲ್ಕು ವರ್ಷ ಕಳೆದು, 2024ರ ಆಗಸ್ಟ್ 5ರಂದು ಬಾಂಗ್ಲಾ ಪ್ರಧಾನಿ ಶೇಖ್ ಹಸೀನಾ ಢಾಕಾ ಬಿಟ್ಟು ಹಾರಿಬಂದಾಗ ಚಾಟಿ ಕೈ ಬದಲಾಯಿಸಿತು. ನೋಡಿದಿರಾ ನಿಮ್ಮ ಬಾಂಗ್ಲಾ ಮಾದರಿ ಎಂದು ಕೇಳುವ ಸರದಿ ಈಗ ಇನ್ನೊಂದು ಗುಂಪಿನದು. ಈ ಎರಡೂ ಗುಂಪುಗಳ ಮೇಲೆ ನನ್ನ ಆಕ್ಷೇಪ ಒಂದೇ. ಬಾಂಗ್ಲಾದೇಶದಲ್ಲಿ ನಿಜವಾಗಿ ಏನಾಯಿತು ಎಂಬುದು ಇವರಲ್ಲಿ ಯಾರಿಗೂ ಬೇಕಾಗಿಲ್ಲ. ಬೇಕಾದದ್ದು ದೆಹಲಿಯನ್ನು ಹೊಡೆಯಲು ಅಥವಾ ಹೊಗಳಲು ಒಂದು ಅಂಕಿ.

ಆ ಅಂಕಿಯ ಯೋಗ್ಯತೆಯನ್ನು ಬೇಗ ನೋಡಿ ಮುಗಿಸೋಣ. ಡಾಲರ್ ಲೆಕ್ಕದ ತಲಾವಾರು ಜಿಡಿಪಿ ವಿನಿಮಯ ದರಕ್ಕೆ ತಕ್ಕಂತೆ ಕುಣಿಯುತ್ತದೆ. ಢಾಕಾ ತನ್ನ ಟಾಕಾವನ್ನು ವರ್ಷಗಟ್ಟಲೆ ಬಿಗಿಯಾಗಿ ಹಿಡಿದಿಟ್ಟಿತ್ತು. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 86 ಟಾಕಾ ಇದ್ದದ್ದು ಎರಡೂವರೆ ವರ್ಷಗಳಲ್ಲಿ 120ರ ಹತ್ತಿರಕ್ಕೆ ಜಾರಿದಾಗ ತಲಾವಾರು ಆದಾಯದ ಮಿನುಗೂ ಇಳಿಯಿತು. 2024ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ರಫ್ತಿನ ಲೆಕ್ಕವನ್ನು ತಿದ್ದಿ ಸಾವಿರ ಕೋಟಿ ಡಾಲರಿಗೂ ಹೆಚ್ಚು ಮೊತ್ತವನ್ನು ಕಡಿತಗೊಳಿಸಬೇಕಾಯಿತು. ಒಂದೇ ಸರಕನ್ನು ಎರಡೆರಡು ಸಲ ಎಣಿಸಿದ್ದರು. ಇದನ್ನು ಓದಿ ನಗುವವರು ನಮ್ಮ 2017–18ರ ಬಳಕೆ ವೆಚ್ಚದ ಸಮೀಕ್ಷೆ ಏನಾಯಿತು ಎಂದೂ ವಿಚಾರಿಸಲಿ. ಸರ್ಕಾರ ಅದನ್ನು ಪ್ರಕಟಿಸಲೇ ಇಲ್ಲ. ಅದೇ ವರ್ಷದ ನಿರುದ್ಯೋಗದ ವರದಿ ಹೊರಬಂದದ್ದು 2019ರ ಚುನಾವಣೆ ಮುಗಿದ ಮೇಲೆ. ಅವರು ಉಬ್ಬಿಸಿದರು, ನಾವು ಬಚ್ಚಿಟ್ಟೆವು.

ಈ ಹೋಲಿಕೆಗೆ ನಿಜವಾದ ಹುರುಳು ತಂದವರು ಅಮರ್ತ್ಯ ಸೇನ್ ಮತ್ತು ಜಾನ್ ಡ್ರೆಜ್. 2013ರ ತಮ್ಮ ಪುಸ್ತಕದಲ್ಲಿ ಅವರು ಗಮನ ಸೆಳೆದದ್ದು ತೀರ ಸರಳವಾದ ಸಂಗತಿಗೆ. 1990ರಲ್ಲಿ ಭಾರತದ ತಲಾವಾರು ಆದಾಯ ಬಾಂಗ್ಲಾದ್ದಕ್ಕಿಂತ ಸುಮಾರು ಶೇ 60ರಷ್ಟು ಹೆಚ್ಚಿತ್ತು. 2011ರ ಹೊತ್ತಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅಂದರೆ ದುಡ್ಡಿನ ಓಟದಲ್ಲಿ ನಾವು ಗೆಲ್ಲುತ್ತಿದ್ದೆವು. ಆ ಇಪ್ಪತ್ತು ವರ್ಷಗಳಲ್ಲೇ ಆಯುಷ್ಯ, ಶಿಶುಮರಣ, ಲಸಿಕೆ, ಹೆಣ್ಣುಮಕ್ಕಳ ಶಾಲೆ, ಶೌಚಾಲಯ ಎಲ್ಲದರಲ್ಲೂ ಅವರು ನಮ್ಮನ್ನು ಹಿಂದೆ ಹಾಕಿದರು. 2020ರ ಹನ್ನೊಂದು ಡಾಲರಿಗಿಂತ ನಮ್ಮನ್ನು ಕಾಡಬೇಕಾದದ್ದು ಇದು. ನಮ್ಮ ಅರ್ಧ ಆದಾಯದಲ್ಲಿ ಅವರು ತಮ್ಮ ಮಕ್ಕಳನ್ನು ನಮಗಿಂತ ಚೆನ್ನಾಗಿ ಉಳಿಸಿಕೊಂಡರು.

ಅವರು ಹೊರಟ ಜಾಗವನ್ನೂ ನೆನೆಯಬೇಕು. ಸೆಣಬು ಬೆಳೆಯುತ್ತಿದ್ದುದು ಪೂರ್ವ ಬಂಗಾಳದ ಹೊಲಗಳಲ್ಲಿ, ಗಿರಣಿಗಳಿದ್ದುದು ಕೋಲ್ಕತ್ತದ ಹೂಗ್ಲಿ ದಂಡೆಯಲ್ಲಿ. 1947ರ ಗಡಿರೇಖೆ ಹೊಲವನ್ನು ಒಂದು ಕಡೆ, ಗಿರಣಿಯನ್ನು ಇನ್ನೊಂದು ಕಡೆ ಹಾಕಿತು. ಬಳಿಕದ ಎರಡು ದಶಕ ಸೆಣಬಿನ ರಫ್ತು ತಂದ ವಿದೇಶಿ ಹಣ ಪಶ್ಚಿಮ ಪಾಕಿಸ್ತಾನದ ಉದ್ದಿಮೆ ಬೆಳೆಸಲು ಹೋಯಿತು. 1970ರ ನವೆಂಬರಿನ ಭೋಲಾ ಚಂಡಮಾರುತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಮರುವರ್ಷ ಯುದ್ಧ ಮತ್ತು ನರಮೇಧ, 1974ರಲ್ಲಿ ಕ್ಷಾಮ. ಹೊಸ ದೇಶ ಹುಟ್ಟುವ ಮೊದಲೇ ವಾಷಿಂಗ್ಟನ್ನಿನ ಅಧಿಕಾರಿಗಳು ಅದು ಜಗತ್ತಿನ ಮುಂದೆ ಸದಾ ಕೈಚಾಚುವ ದೇಶವಾಗುತ್ತದೆ ಎಂದು ತೀರ್ಮಾನಿಸಿದ್ದರು. ನಮಗೋ ಟಾಟಾ ಉಕ್ಕು, ಬಾಂಬೆ ಜವಳಿ, ರೈಲು ಜಾಲ, ನುರಿತ ಆಡಳಿತ ಸೇವೆ, ನಮ್ಮಲ್ಲೇ ಮೈಸೂರು ಸಂಸ್ಥಾನ ಕಟ್ಟಿದ್ದ ಕಾರ್ಖಾನೆಗಳು. ಬ್ರಿಟಿಷರು ಸುಲಿದ ಕಥೆ ಎರಡೂ ದೇಶಗಳದ್ದು, ಆದರೆ ಅವರು ಬಿಟ್ಟುಹೋದದ್ದರಲ್ಲಿ ಢಾಕಾದ ಪಾಲಿಗೆ ಬಂದದ್ದು ಬಹಳ ಕಡಿಮೆ.

ಇಷ್ಟು ಬಡತನದಲ್ಲಿ ಅವರು ಮಾಡಿದ್ದರಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಉಪ್ಪು ಬೆಲ್ಲದ ನೀರು. 1971ರಲ್ಲಿ ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಕಾಲರಾ ಹರಡಿದಾಗ, ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರ ಬಳಿ ನರಕ್ಕೇರಿಸುವ ದ್ರಾವಣ ಮುಗಿದುಹೋಯಿತು. ಅವರು ಉಪ್ಪು, ಸೋಡಾ, ಗ್ಲುಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕರೊಳಗೆ ಇಳಿಯಿತು. ವೈದ್ಯ ಭಾರತೀಯ, ಶಿಬಿರ ಭಾರತದ್ದು. ಆದರೆ ಆ ತಿಳಿವಳಿಕೆಯನ್ನು ಮನೆಮನೆಗೆ ಹೊತ್ತವರು ಬಾಂಗ್ಲಾದವರು. ಫಜ್ಲೆ ಹಸನ್ ಆಬೇದ್ ಕಟ್ಟಿದ ಬ್ರ್ಯಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಹಳ್ಳಿಹಳ್ಳಿಗೆ ಹೆಂಗಸರನ್ನು ಕಳಿಸಿತು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಪೊಟ್ಟಣ ಬೇಡ, ಅಂಗಡಿ ಬೇಡ, ಅಕ್ಷರ ಬೇಡ. ಕಲಿಸಲು ಹೋದವರ ಸಂಬಳ ಎಷ್ಟು ಮನೆ ಸುತ್ತಿದರು ಎಂಬುದರ ಮೇಲೆ ನಿಂತಿರಲಿಲ್ಲ. ಕೆಲವು ದಿನ ಬಿಟ್ಟು ಬೇರೊಬ್ಬರು ಹೋಗಿ ಕೆಲವು ತಾಯಂದಿರನ್ನು ಕೇಳುತ್ತಿದ್ದರು. ತಾಯಿಗೆ ಪಾಠ ಎಷ್ಟು ನೆನಪಿದೆಯೋ ಅಷ್ಟು ಸಂಬಳ. ಹೀಗೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿದರು. ಗುರಿ ಸಾಧನೆಯ ಕೋಷ್ಟಕ ತುಂಬಿಸಿ ಕೈತೊಳೆದುಕೊಳ್ಳುವ ನಮ್ಮ ಇಲಾಖೆಗಳಿಗೆ ಈ ಸಂಬಳದ ನಿಯಮವೊಂದನ್ನು ಹಚ್ಚಿ ನೋಡಬೇಕು. ಎಷ್ಟು ಕುರ್ಚಿಗಳು ಅಲುಗಾಡುತ್ತವೋ!

ಮಹಲನಾಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ. ಭೇದಿಯಾದ ಮಕ್ಕಳಲ್ಲಿ ಅದೇ ದ್ರಾವಣ, ಅಂದರೆ ಒಆರ್‌ಎಸ್, ಸಿಕ್ಕದ್ದು ನೂರಕ್ಕೆ ಅರವತ್ತು ಮಕ್ಕಳಿಗೆ ಮಾತ್ರ ಎಂದು ನಮ್ಮ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ.

ಶೌಚಾಲಯದ್ದೂ ಇಂಥದ್ದೇ ಕಥೆ. 2011ರ ಜನಗಣತಿಯಲ್ಲಿ ನಮ್ಮ ಅರ್ಧದಷ್ಟು ಮನೆಗಳವರು ಬಯಲಿಗೆ ಹೋಗುತ್ತಿದ್ದರು, ಬಾಂಗ್ಲಾದಲ್ಲಿ ಆ ಪ್ರಮಾಣ ನೂರಕ್ಕೆ ಹತ್ತರೊಳಗಿತ್ತು. ರಾಜಶಾಹಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಊರವರೇ ಕೂತು ತಮ್ಮ ಹೊಲಸಿನ ಲೆಕ್ಕ ಹಾಕುವ ಪದ್ಧತಿಯನ್ನು 1999–2000ರ ಸುಮಾರಿಗೆ ಶುರುಮಾಡಿಸಿದ ಕಮಲ್ ಕರ್ ಕೂಡ ಭಾರತೀಯರೇ. ಮದ್ದು ನಮ್ಮದು, ಗುಣವಾದದ್ದು ಅವರಿಗೆ.

ಇನ್ನು ಗಾರ್ಮೆಂಟ್ಸ್. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಬಾಂಗ್ಲಾ ಕಂಪನಿ 130 ಜನರನ್ನು ಕೊರಿಯಾದ ಪುಸಾನಿಗೆ, ದೇವೂ ಕಾರ್ಖಾನೆಗೆ ಕೆಲಸ ಕಲಿಯಲು ಕಳಿಸಿತು. ಮರಳಿ ಬಂದವರಲ್ಲಿ ಬಹುತೇಕರು ಕೆಲವೇ ವರ್ಷಗಳಲ್ಲಿ ಅಲ್ಲಿಂದ ಬಿಟ್ಟು, ಕೆಲವರು ಸ್ವಂತ ಕಾರ್ಖಾನೆ ತೆರೆದರು, ಉಳಿದವರು ಬೇರೆಯವರ ಕಾರ್ಖಾನೆ ನಿಲ್ಲಿಸಿಕೊಟ್ಟರು. ಕಂಪನಿಗೆ ನಷ್ಟ, ದೇಶಕ್ಕೆ ಉದ್ಯಮ. ನಾವು ಆ ಕಾಲದಲ್ಲಿ ಸಿದ್ಧ ಉಡುಪನ್ನು ಸಣ್ಣ ಕೈಗಾರಿಕೆಗೆ ಮೀಸಲಿಟ್ಟು, ಯಾರೂ ದೊಡ್ಡದಾಗದಂತೆ ಕಾವಲು ಕಾಯುತ್ತಿದ್ದೆವು. ಆ ಬೀಗ ತೆಗೆಯುವಷ್ಟರಲ್ಲಿ ಈ ಶತಮಾನ ಬಂದಿತ್ತು. ಇಂದು ಬಾಂಗ್ಲಾದ ಉಡುಪು ರಫ್ತು ಭಾರತದ್ದರ ಎರಡು ಪಟ್ಟಿಗೂ ಹೆಚ್ಚು. ಬಡ ದೇಶವೆಂದು ಯುರೋಪು ಕೊಟ್ಟ ಸುಂಕ ವಿನಾಯಿತಿ ಅದಕ್ಕೆ ನೆರವಾಯಿತು, ನಿಜ. ಆದರೆ ವಿನಾಯಿತಿ ಇನ್ನೂ ಹಲವು ಬಡ ದೇಶಗಳಿಗಿತ್ತು, ಲಕ್ಷಗಟ್ಟಲೆ ಹಳ್ಳಿ ಹೆಣ್ಣುಮಕ್ಕಳನ್ನು ಸಂಬಳದ ಕೆಲಸಕ್ಕೆ ತಂದವರು ಇವರು.

ಎಂಥ ಕೆಲಸ, ಎಷ್ಟು ಸಂಬಳ ಎಂಬುದನ್ನು ಬಾಂಗ್ಲಾ ಭಕ್ತರು ಹೇಳುವುದಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಹೊರವಲಯದ ಸಾವರಿನಲ್ಲಿ ರಾಣಾ ಪ್ಲಾಜಾ ಕುಸಿಯಿತು. ಗೋಡೆ ಬಿರುಕು ಬಿಟ್ಟದ್ದನ್ನು ಹಿಂದಿನ ದಿನವೇ ಎಲ್ಲರೂ ಕಂಡಿದ್ದರು. ಆದರೂ ಬೆಳಿಗ್ಗೆ ಕೆಲಸಗಾರರನ್ನು ಗದರಿಸಿ ಒಳಗೆ ಕಳಿಸಿದರು. 1,100ಕ್ಕೂ ಹೆಚ್ಚು ಜನ ಸತ್ತರು. ಗಾರ್ಮೆಂಟ್ಸ್ ಕಾರ್ಮಿಕರ ಕನಿಷ್ಠ ವೇತನ 2023ರ ಕೊನೆಯಲ್ಲಿ ಏರಿದ್ದೂ ತಿಂಗಳಿಗೆ 12,500 ಟಾಕಾಕ್ಕೆ, ಅದೂ ಬೀದಿಯಲ್ಲಿ ಗುಂಡು ಹಾರಿ ಕಾರ್ಮಿಕರು ಸತ್ತ ಮೇಲೆ. ಬೆಂಗಳೂರಿನವರಿಗೆ ಇದು ದೂರದ ಸುದ್ದಿಯಾಗಬೇಕಿಲ್ಲ. 2016ರ ಏಪ್ರಿಲಿನಲ್ಲಿ ಪಿಎಫ್ ಹಣ ವಾಪಸ್ ಪಡೆಯುವುದಕ್ಕೆ ಕೇಂದ್ರ ತಡೆ ಹಾಕಿದಾಗ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗಿಳಿದು ನಗರವನ್ನು ನಿಲ್ಲಿಸಿದರು. ಎರಡೇ ದಿನಕ್ಕೆ ಸರ್ಕಾರ ಆದೇಶ ಹಿಂದಕ್ಕೆ ಪಡೆಯಿತು. ಬಾಂಗ್ಲಾ ಮಾದರಿ ಬೇಕು ಎಂದು ಕೂಗುವ ಉದ್ಯಮಿಗಳಿಗೆ ಬೇಕಾದದ್ದು ಅಲ್ಲಿನ ಸಂಬಳ, ಅಲ್ಲಿನ ಉಪ್ಪು ಬೆಲ್ಲದ ಪಾಠವಲ್ಲ.

ಅಲ್ಲಿ ಹಾಳಾದದ್ದು ಕಡಿಮೆಯೇನಲ್ಲ. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದೆ. ನಮ್ಮಲ್ಲಿ ಅದು ಶೇ 23. ಸರ್ಕಾರ ಸಂಗ್ರಹಿಸುವ ತೆರಿಗೆ ಜಿಡಿಪಿಯ ಶೇ 8ರ ಆಸುಪಾಸಿನಲ್ಲೇ ತೆವಳುತ್ತದೆ, ಹಾಗಾಗಿ ಸರ್ಕಾರ ಮಾಡಬೇಕಾದ ಎಷ್ಟೋ ಕೆಲಸ ಸ್ವಯಂಸೇವಾ ಸಂಸ್ಥೆಗಳ ಹೆಗಲಿಗೆ ಬಿತ್ತು. 2014ರ ಚುನಾವಣೆಯಲ್ಲಿ ಅರ್ಧಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ಮತದಾನವೇ ನಡೆಯಲಿಲ್ಲ, ಅಭ್ಯರ್ಥಿಗಳು ಅವಿರೋಧವಾಗಿ ಗೆದ್ದರು. ಆಳುವವರಿಗೆ ಸೋಲುವ ಭಯ ಹೋದ ಮೇಲೆ ಬ್ಯಾಂಕುಗಳು ಬರಿದಾದವು. ಹಸೀನಾ ಕಾಲದಲ್ಲಿ ವರ್ಷಕ್ಕೆ ಸರಾಸರಿ 1,600 ಕೋಟಿ ಡಾಲರ್ ಹೊರಗೆ ಸಾಗಿತು ಎಂದು ಅಲ್ಲಿನ ಅರ್ಥಶಾಸ್ತ್ರಜ್ಞ ದೇಬಪ್ರಿಯ ಭಟ್ಟಾಚಾರ್ಯ ಸಮಿತಿಯ ಶ್ವೇತಪತ್ರ ಅಂದಾಜಿಸಿದೆ. ಓದಿದ ಹುಡುಗರಿಗೆ ಕೆಲಸವಿರಲಿಲ್ಲ, ಇದ್ದ ಸರ್ಕಾರಿ ನೌಕರಿಯಲ್ಲಿ ಶೇ 30 ವಿಮೋಚನಾ ಹೋರಾಟಗಾರರ ಸಂತತಿಗೆ ಎಂದಾಗ ಹಸೀನಾ ಅವರನ್ನು ಉರುಳಿಸಿದ ಕಿಚ್ಚು ಹತ್ತಿತು. ಅದರಲ್ಲಿ 1,400ರಷ್ಟು ಜನ ಸತ್ತಿರಬಹುದು ಎಂಬುದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ಅಂದಾಜು.

ಆದರೆ ಇದರಿಂದ ಆ ಉಳಿದ ಮಕ್ಕಳು ಮತ್ತೆ ಸಾಯಲಿಲ್ಲವಲ್ಲ. ಹಸೀನಾ ಬಿದ್ದದ್ದಕ್ಕೂ ಬ್ರ್ಯಾಕ್ ಹೆಂಗಸರು ನಡೆದ ದಾರಿಗೂ ಗಂಟು ಹಾಕುವುದು ಶುದ್ಧ ತರಲೆ. ಅಲ್ಲಿ ಜನರ ಆರೋಗ್ಯ ಸುಧಾರಿಸಿದ್ದು ಸೈನಿಕ ಆಡಳಿತದಲ್ಲಿ, ಖಾಲಿದಾ ಜಿಯಾ ಕಾಲದಲ್ಲಿ, ಹಸೀನಾ ಕಾಲದಲ್ಲಿ, ಒಬ್ಬರನ್ನೊಬ್ಬರು ಜೈಲಿಗೆ ಹಾಕಿದ ನಡುವೆಯೂ.

ಒಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅವರು ಹೆಚ್ಚುಕಡಿಮೆ ಒಂದೇ ಭಾಷೆಯ 17 ಕೋಟಿ ಜನ, ನಾವು ಜಾತಿ ಭಾಷೆಗಳ ಮಹಾಸಾಗರ, ಹೋಲಿಸುವುದು ಹೇಗೆ ಎಂಬುದು ಅದು. ಸರಿ, ದೇಶ ಬೇಡ, ರಾಜ್ಯ ತೆಗೆದುಕೊಳ್ಳಿ. ಕರ್ನಾಟಕದ ವಿಸ್ತೀರ್ಣ ಬಾಂಗ್ಲಾಕ್ಕಿಂತ ದೊಡ್ಡದು, ಜನ ಅರ್ಧಕ್ಕಿಂತ ಕಡಿಮೆ. ನಮ್ಮ ತಲಾವಾರು ಆದಾಯ ವರ್ಷಕ್ಕೆ ಮೂರು ಲಕ್ಷ ರೂಪಾಯಿ ದಾಟಿದೆ ಎಂದು ಪ್ರತಿ ಬಜೆಟ್ಟಿನಲ್ಲಿ ಎದೆ ತಟ್ಟಿಕೊಳ್ಳುತ್ತೇವೆ. ಬಾಂಗ್ಲಾದ್ದು ಇದಕ್ಕಿಂತ ಕಡಿಮೆ. ಈಗ ಐದು ವರ್ಷದೊಳಗಿನ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳ ಲೆಕ್ಕ ನೋಡಿ. ಬಾಂಗ್ಲಾದ 2022ರ ಸಮೀಕ್ಷೆಯಲ್ಲಿ ಶೇ 24. ಭಾರತದಲ್ಲಿ 2019–21ರಲ್ಲಿ ಶೇ 35.5. ಕರ್ನಾಟಕದಲ್ಲಿ ಶೇ 35.4. ಐಟಿ ರಾಜಧಾನಿ, ಸ್ಟಾರ್ಟಪ್, ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಎಲ್ಲ ಸೇರಿ ದೇಶದ ಸರಾಸರಿಗಿಂತ ನಮಗೆ ಕೊಟ್ಟ ಮುನ್ನಡೆ ದಶಮಾಂಶ ಒಂದು.

ಯಾದಗಿರಿಯಲ್ಲಂತೂ ಅರ್ಧಕ್ಕೂ ಹೆಚ್ಚು ಮಕ್ಕಳು ಕುಂಠಿತರು. ಆ ಮಕ್ಕಳ ಅಪ್ಪ ಅಮ್ಮ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಲ್ಲಿ ಮಣ್ಣು ಹೊರುತ್ತಾರೆ, ಖಾಲಿ ಜಾಗದಲ್ಲಿ ನೀಲಿ ಟಾರ್ಪಾಲು ಕಟ್ಟಿಕೊಂಡು ಇರುತ್ತಾರೆ. 2020ರ ಜನವರಿಯಲ್ಲಿ ಬಾಂಗ್ಲಾದೇಶಿಗಳ ಅಡ್ಡೆ ಎಂದು ಕರಿಯಮ್ಮನ ಅಗ್ರಹಾರದ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಬಾಂಗ್ಲಾದಲ್ಲೂ ಯಾದಗಿರಿಯಂಥ ಸೀಮೆಯೊಂದಿದೆ. ಉತ್ತರದ ರಂಗಪುರದಲ್ಲಿ ಭತ್ತದ ಕೊಯ್ಲಿಗೆ ಮುಂಚಿನ ಆಶ್ವೀಜ ಕಾರ್ತೀಕದ ಹಸಿವಿಗೆ ಮೊಂಗಾ ಎಂದೇ ಹೆಸರಿತ್ತು. ಅಲ್ಲಿನ ಪತ್ರಿಕೆಗಳು ವರ್ಷ ವರ್ಷ ಆ ಹಸಿವನ್ನು ಮುಖಪುಟಕ್ಕೆ ತಂದವು, ಸರ್ಕಾರ ಮತ್ತು ಸಂಸ್ಥೆಗಳು ಬೇಗ ಕೊಯ್ಲಿಗೆ ಬರುವ ಭತ್ತದ ತಳಿ, ಆ ಎರಡು ತಿಂಗಳಿಗೆ ಕೂಲಿ, ಹೆಂಗಸರಿಗೆ ಹಸು ಕೊಡುತ್ತ ಅದರ ಹಿಂದೆ ಬಿದ್ದವು. ರಂಗಪುರ ಇಂದಿಗೂ ಬಡ ಸೀಮೆಯೇ, ಆದರೆ ಆ ಹಸಿವಿನ ಹಲ್ಲು ಮುರಿದಿದೆ. ಢಾಕಾ ಬಿದ್ದ ಸುದ್ದಿಗೆ ಪಟಾಕಿ ಹೊಡೆದವರು, ಐಎಂಎಫ್ ಅಂಕಿ ಹಿಡಿದು ಕುಣಿದವರು, ಇಬ್ಬರೂ ನಮ್ಮ ವಿಧಾನಸೌಧದಲ್ಲಿ ಎದುರುಬದುರು ಕೂರುತ್ತಾರೆ. ಯಾದಗಿರಿಯೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ಕಳೆದಿದೆ. ಯಾದಗಿರಿಯ ಗುಳೆಯ ತಿಂಗಳುಗಳಲ್ಲಿ ಊರಲ್ಲೇ ಉಳಿಯುವ ಮಗುವಿನ ತಟ್ಟೆಗೆ ಏನು ಬೀಳುತ್ತದೆ ಎಂದು ಇವರಲ್ಲಿ ಮೊದಲು ಕೇಳುವವರು ಯಾರು?