‘ಬಿಡ್ತು ಅನ್ನು’ ಎನ್ನದವರು



ಮನೆಯಲ್ಲಿ ಯಾರಾದರೂ ದೂರ ಪ್ರಯಾಣಕ್ಕೆ ಹೊರಟು ನಿಂತಾಗ ‘ದಾರಿಯಲ್ಲಿ ಏನಾದರೂ ಆದರೆ’ ಎಂದು ಬಾಯಿ ತೆರೆದವನನ್ನು ಹಿರಿಯರು ಒಡನೆಯೇ ತಡೆಯುತ್ತಾರೆ. ‘ಬಿಡ್ತು ಅನ್ನು’ ಎಂದು ಗದರಿ ಆ ಮಾತನ್ನು ಅಲ್ಲಿಗೇ ಮುಗಿಸುತ್ತಾರೆ. ಕೆಡುಕನ್ನು ನುಡಿದರೆ ಕೆಡುಕು ಬರುತ್ತದೆಂಬ ಭಯವೇ ಇದರ ಮೂಲ. ಶಕುನ, ತಿಥಿ, ವಾರಗಳ ಹಂಗನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಹರಿದೊಗೆದರು. ಅವರ ಹೆಸರು ಹೇಳುವ ನಾವು ಇನ್ನೂ ಅದನ್ನು ಬಿಟ್ಟಿಲ್ಲ. ಕೆಡುಕನ್ನು ಮುಂಚಿತವಾಗಿ ನುಡಿಯುವುದನ್ನೇ ಕಾಯಕವಾಗಿ ಮಾಡಿಕೊಂಡ ಕೆಲವರ ವೃತ್ತಾಂತವನ್ನು ಈ ತಿಂಗಳು ಬರೆಯಬೇಕೆನಿಸಿದೆ.

ಅಮೆರಿಕದವರು ಚಂದ್ರನಲ್ಲಿಗೆ ಮನುಷ್ಯರನ್ನು ಕಳುಹಿಸುವಾಗ ಪ್ರತಿಯೊಂದು ಯಾನಕ್ಕೂ ನಿಯಮಗಳ ಗ್ರಂಥವೊಂದನ್ನು ಸಿದ್ಧಪಡಿಸುತ್ತಿದ್ದರು. ಇಂಥ ಯಂತ್ರ ಕೆಟ್ಟರೆ ಮುಂದುವರಿಯಬೇಕೆ, ಹಿಂದಿರುಗಬೇಕೆ ಎಂಬುದೆಲ್ಲ ಅದರಲ್ಲಿ ಮೊದಲೇ ನಿರ್ಣಯವಾಗಿರುತ್ತಿತ್ತು. ಆಪತ್ತು ಬಂದೊದಗಿದಾಗ ಚರ್ಚಿಸಲು ಕಾಲವಿರುವುದಿಲ್ಲವಷ್ಟೆ. ಹೂಸ್ಟನ್ನಿನ ನಿಯಂತ್ರಣ ಕೇಂದ್ರದಲ್ಲಿ ತಾಲೀಮು ನಡೆಸುವ ತಂಡವೇ ಬೇರೆ ಇತ್ತು. ಬಗೆಬಗೆಯ ಸಂಕಟಗಳನ್ನು ಕಲ್ಪಿಸಿ ತಮ್ಮವರನ್ನೇ ಪೇಚಿಗೆ ಸಿಲುಕಿಸುವುದು ಅವರ ಕೆಲಸ! 1969ರ ಜುಲೈ ಮೊದಲ ವಾರದ ಒಂದು ತಾಲೀಮಿನಲ್ಲಿ ಗಣಕಯಂತ್ರ ಅಪರಿಚಿತವಾದ ಎಚ್ಚರಿಕೆಯೊಂದನ್ನು ತೋರಿತು. ನಿಯಂತ್ರಕ ಸ್ಟೀವ್ ಬೇಲ್ಸ್ ಗಾಬರಿಗೊಂಡು, ಇಳಿಯುವುದನ್ನು ಕೈಬಿಡಿರೆಂದನು. ಆ ಅಗತ್ಯವೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಮುಖ್ಯಸ್ಥ ಜೀನ್ ಕ್ರಾಂಟ್ಜ್ ಅಂಥ ಎಚ್ಚರಿಕೆಗಳೆಲ್ಲದರ ಪಟ್ಟಿ ಮಾಡಲು ಆಜ್ಞಾಪಿಸಿದನು. ಜ್ಯಾಕ್ ಗಾರ್ಮನ್ ಎಂಬ 24 ವರ್ಷದ ತರುಣ ಅದನ್ನು ಕೈಯಿಂದಲೇ ಬರೆದನು. ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ನಿಜವಾಗಿ ಚಂದ್ರನತ್ತ ಇಳಿಯುತ್ತಿರುವಾಗ 1202 ಎಂಬ ಎಚ್ಚರಿಕೆ ಮೂಡಿತು. ಆ ಪಟ್ಟಿ ಇದ್ದುದರಿಂದಲೇ ಮುಂದುವರಿಯಿರೆಂಬ ಮಾತು ಕ್ಷಣಗಳಲ್ಲಿ ಹೋಯಿತು.

ಅಪೋಲೋ 13ರದು ಇನ್ನೂ ಗಂಭೀರವಾದ ಕಥೆ. ಹದಿಮೂರು ಪಾಶ್ಚಾತ್ಯರಿಗೆ ಅಶುಭದ ಅಂಕಿ. ಆ ನೌಕೆ 1970ರ ಏಪ್ರಿಲ್ 11ರಂದು ಹೊರಟಾಗ ಹೂಸ್ಟನ್ನಿನ ಗಡಿಯಾರದಲ್ಲಿ 13 ಗಂಟೆ 13 ನಿಮಿಷ; ಆಮ್ಲಜನಕದ ತೊಟ್ಟಿ ಸಿಡಿದದ್ದು 13ನೆಯ ತಾರೀಖಿನ ರಾತ್ರಿ. ನಮ್ಮ ಪಂಚಾಂಗದವರಿಗೆ ಇಷ್ಟು ಸಿಕ್ಕಿದ್ದರೆ ಸಾಕಿತ್ತು! ಆದರೆ ವಿಚಾರಣೆಯಲ್ಲಿ ಕಂಡುಬಂದುದೇನು? ಆ ತೊಟ್ಟಿಯೊಳಗಿನ ಉಷ್ಣರಕ್ಷಕ ಸ್ವಿಚ್ಚುಗಳು 28 ವೋಲ್ಟಿಗೆ ತಕ್ಕವು. ಉಡಾವಣಾ ಕೇಂದ್ರದಲ್ಲಿ 65 ವೋಲ್ಟ್ ಹರಿಸಬೇಕೆಂದು ನಿರ್ಧಾರವಾದ ಮೇಲೂ ಆ ಸ್ವಿಚ್ಚುಗಳನ್ನು ಯಾರೂ ಬದಲಿಸಲಿಲ್ಲ. ಹಿಂದೊಮ್ಮೆ ಕಾರ್ಖಾನೆಯಲ್ಲಿ ಆ ತೊಟ್ಟಿ ಎರಡು ಅಂಗುಲದಷ್ಟು ಜಾರಿಬಿದ್ದಿತ್ತು. ಪರೀಕ್ಷೆಯ ವೇಳೆ ಅದು ಬರಿದಾಗದೆ ಹೋದಾಗ ಗಂಟೆಗಟ್ಟಲೆ ಕಾಯಿಸಿದರು. ಸ್ವಿಚ್ಚು ಬೆಸೆದುಕೊಂಡಿತು, ಒಳಗಿನ ತಂತಿಗಳ ಹೊದಿಕೆ ಸುಟ್ಟಿತು, ಅದು ಯಾರ ಕಣ್ಣಿಗೂ ಬೀಳಲಿಲ್ಲ. ದೋಷವಿದ್ದದ್ದು ಅಂಕಿಯಲ್ಲಲ್ಲ, ಕಾಯಕದಲ್ಲಿ.

ಭೂಮಿಯಿಂದ ಮೂರು ಲಕ್ಷ ಕಿಲೋಮೀಟರಿಗೂ ಆಚೆ ವಿದ್ಯುತ್ತು, ಆಮ್ಲಜನಕ ಎರಡೂ ನಂದುತ್ತಿರಲು ಲೋವೆಲ್, ಸ್ವೈಗರ್ಟ್ ಮತ್ತು ಹೇಯ್ಸ್ ಜೊತೆಗಿದ್ದ ಚಂದ್ರನೌಕೆಯನ್ನು ಸೇರಿದರು. ಇಬ್ಬರಿಗೆ ಸುಮಾರು ಎರಡು ದಿನಕ್ಕೆಂದು ನಿರ್ಮಿಸಿದ ಆ ನೌಕೆ ಮೂವರನ್ನು ಸುಮಾರು ನಾಲ್ಕು ದಿನ ಸಾಕಬೇಕಾಯಿತು. ಈ ಉಪಾಯ ಆ ಗಳಿಗೆಯಲ್ಲಿ ಹುಟ್ಟಿದ್ದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅಪೋಲೋ 10ರ ತಾಲೀಮಿನಲ್ಲಿ ಇಂಥದೇ ಸಂಕಟವನ್ನು ಒಡ್ಡಲಾಗಿತ್ತು. ಚಂದ್ರನೌಕೆಗೆ ಸಕಾಲದಲ್ಲಿ ವಿದ್ಯುತ್ ಕೊಡಲಾಗದೆ, ತಾಲೀಮಿನ ಲೆಕ್ಕದಲ್ಲಿ, ಮೂವರೂ ಮಡಿದರು. ಹೀಗೆ ಎಲ್ಲವೂ ಒಟ್ಟಿಗೆ ಕೆಡುವುದುಂಟೆ ಎಂದು ಆ ಪ್ರಸಂಗವನ್ನೇ ತಳ್ಳಿಹಾಕಿದವರಿದ್ದರು. ಕೆಲವು ನಿಯಂತ್ರಕರು ಮಾತ್ರ ಬಿಡಲಿಲ್ಲ. ಚಂದ್ರನೌಕೆಯನ್ನು ಜೀವರಕ್ಷಕ ದೋಣಿಯಾಗಿ ಬಳಸುವ ವಿಧಾನವನ್ನು ಬರೆದು ಕಡತಕ್ಕೆ ಸೇರಿಸಿದರು. ಅವರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ಈ ಲೇಖಕನಿಗೆ ಅವರೇ ಈ ಕಥೆಯ ನಾಯಕರು.

ಬರೆದಿಡದ ತೊಂದರೆಗಳೂ ಬಂದವು. ಉಸಿರಿನ ಇಂಗಾಲಾಮ್ಲವನ್ನು ಹೀರುವ ಡಬ್ಬಿಗಳು ಮುಖ್ಯನೌಕೆಯಲ್ಲಿ ಚೌಕ, ಚಂದ್ರನೌಕೆಯಲ್ಲಿ ದುಂಡು. ಒಂದಕ್ಕೊಂದು ಹೊಂದಲೊಲ್ಲವು. ಪ್ಲಾಸ್ಟಿಕ್ ಚೀಲ, ರಟ್ಟು, ಅಂಟುಪಟ್ಟಿ, ಉಡುಪಿನ ಕೊಳವೆ ಇವುಗಳನ್ನೇ ಜೋಡಿಸಿ ಕೆಲಸ ಸಾಗಿಸಿದರು. ಚಳಿಯಲ್ಲಿ ನಡುಗುತ್ತ, ನೀರನ್ನು ಅಳೆದು ಕುಡಿಯುತ್ತ ಏಪ್ರಿಲ್ 17ರಂದು ಮೂವರೂ ಪೆಸಿಫಿಕ್ ಸಾಗರದಲ್ಲಿ ಕ್ಷೇಮವಾಗಿ ಇಳಿದರು.

ಇನ್ನೊಂದು ಕಾಗದದ ವಿಷಯ ಹೇಳದಿರಲಾರೆ. ಚಂದ್ರನ ನೆಲದಿಂದ ಮೇಲೇರಲು ಇದ್ದದ್ದು ಒಂದೇ ಇಂಜಿನ್. ಅದು ಹೊತ್ತದಿದ್ದರೆ ಮೇಲೆ ಸುತ್ತುತ್ತಿದ್ದ ಕಾಲಿನ್ಸ್ ಒಬ್ಬನೇ ಹಿಂದಿರುಗಬೇಕು. ಆ ಸಂದರ್ಭಕ್ಕಾಗಿ 1969ರ ಜುಲೈ 18ರಂದು ವಿಲಿಯಂ ಸಫೈರ್ ಎಂಬಾತ ಅಧ್ಯಕ್ಷ ನಿಕ್ಸನ್ನರಿಗೆ ಭಾಷಣವೊಂದನ್ನು ಬರೆದುಕೊಟ್ಟನು. ಅದನ್ನು ಓದುವ ಮುನ್ನ ಅಧ್ಯಕ್ಷರು ಆ ಇಬ್ಬರ ಪತ್ನಿಯರಿಗೆ ತಾವೇ ದೂರವಾಣಿ ಮಾಡಬೇಕು. ಸಂಪರ್ಕವನ್ನು ಕಡಿದ ಮೇಲೆ ಪಾದ್ರಿಯೊಬ್ಬರು ಸಮುದ್ರದಲ್ಲಿ ಶವಸಂಸ್ಕಾರ ಮಾಡುವ ರೀತಿಯಲ್ಲಿ ಪ್ರಾರ್ಥನೆ ಸಲ್ಲಿಸಬೇಕು ಎಂದು ಅದರ ಕೊನೆಯಲ್ಲಿ ಸೂಚನೆಯಿದೆ. ಆಗ ಆ ಇಬ್ಬರು ಅಲ್ಲಿ ಇನ್ನೂ ಉಸಿರಾಡುತ್ತಿರಬಹುದು! ವಿಭೂತಿ ಧರಿಸಿ, ಮಂತ್ರ ಹೇಳಿ, ಮಣ್ಣಿಗೆ ಒಪ್ಪಿಸುವ ವಿಧಿಗಳನ್ನು ಎಷ್ಟೋ ಬಾರಿ ಕಂಡ ನನಗೂ ಈ ಸಾಲು ಓದಿದ ದಿನ ನಿದ್ದೆ ಬರಲಿಲ್ಲ. ಮೊದಲು ಕ್ರೌರ್ಯವೆನಿಸಿತು. ಆ ಮನೆಯ ಹೆಣ್ಣುಮಕ್ಕಳು ಇಂಥ ವಾರ್ತೆಯನ್ನು ರೇಡಿಯೋದಿಂದ ಕೇಳಬಾರದೆಂದು ಒಬ್ಬನು ಮುಂಚಿತವಾಗಿ ಯೋಚಿಸಿದ್ದನಲ್ಲ, ಅದು ಅಂತಃಕರಣವೆಂದು ಈಗ ತೋರುತ್ತದೆ.

ಇಂಜಿನ್ನಿನ ಸ್ವಿಚ್ಚೊಂದರ ತುದಿ ನಿಜವಾಗಿಯೂ ಮುರಿದಿತ್ತು. ಆಲ್ಡ್ರಿನ್ ತನ್ನ ಬಳಿಯಿದ್ದ ಪೆನ್ನಿನಿಂದ ಅದನ್ನು ಒಳಗೊತ್ತಿದನು. ಜುಲೈ 21ರಂದು ಇಂಜಿನ್ ಹೊತ್ತಿತು. ಸಫೈರನ ಕಾಗದ ಕಡತದಲ್ಲಿಯೇ ಉಳಿದು 1999ರಲ್ಲಿ ಜನರ ಗಮನಕ್ಕೆ ಬಂದಿತು.