ಕಸದ ತೊಟ್ಟಿಯೇ, ತೊಟ್ಟಿಲೇ?



ಹಸುಗೂಸು ಕಸದ ತೊಟ್ಟಿಯಲ್ಲಿ ಸಿಕ್ಕಿದಾಗಲೆಲ್ಲ ಜನ ತಾಯಿಯನ್ನು ಕಲ್ಲೆದೆಯವಳೆಂದು ಶಪಿಸುತ್ತಾರೆ. ತಂದೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಮದುವೆಯಾಗುತ್ತೇನೆಂದು ನಂಬಿಸಿ ಕೈಬಿಟ್ಟವನು, ಮೂರನೆಯದೂ ಹೆಣ್ಣೆಂದು ಹೆಂಡತಿಯನ್ನು ಹೊರದಬ್ಬಿದವನು, ಮನೆಯೊಳಗೇ ಮೈಮೇಲೆ ಬಿದ್ದ ಬಂಧು, ಇವರೆಲ್ಲ ಮರ್ಯಾದಸ್ಥರಾಗಿಯೇ ಉಳಿಯುತ್ತಾರೆ.

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಇಂಥ ಹೊತ್ತಿನಲ್ಲಿ ನೆನಪಾಗುವುದು ಪುಣೆಯ ಒಂದು ಮನೆ. ವಿಧವೆಯರ ಮರುಮದುವೆಗೆ 1856ರಲ್ಲೇ ಕಾನೂನು ಬಂದಿದ್ದರೂ ಮೇಲ್ಜಾತಿಗಳು ಒಪ್ಪಿರಲಿಲ್ಲ. ಬಸಿರಾದ ವಿಧವೆ ಬಾವಿಗೆ ಬೀಳಬೇಕಿತ್ತು, ಇಲ್ಲವೇ ಕೂಸಿನ ಕತ್ತು ಹಿಸುಕಬೇಕಿತ್ತು. 1863ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಇಂಥವರಿಗಾಗಿ ಬಾಲಹತ್ಯೆ ತಡೆಯುವ ಗೃಹವನ್ನು ತೆರೆದರು. ಅಲ್ಲಿ ಗುಟ್ಟಾಗಿ ಹೆರಬಹುದಿತ್ತು, ಕೂಸನ್ನು ಅಲ್ಲೇ ಬಿಟ್ಟೂ ಹೋಗಬಹುದಿತ್ತು. ಬ್ರಾಹ್ಮಣ ವಿಧವೆಯೊಬ್ಬಳ ಮಗ ಯಶವಂತನನ್ನು ಅವರೇ ದತ್ತು ಪಡೆದರು. ಅವನು ವೈದ್ಯನಾದ. 1897ರ ಪ್ಲೇಗಿನಲ್ಲಿ ತಾಯಿ ಮಗ ಇಬ್ಬರೂ ರೋಗಿಗಳ ಸೇವೆಗೆ ನಿಂತರು. ಸಾವಿತ್ರಿಬಾಯಿ ಅದೇ ರೋಗಕ್ಕೆ ಬಲಿಯಾದರು.

ಇಂದು ಆ ಬಾಗಿಲನ್ನು ಕಾನೂನೇ ತೆರೆದಿಟ್ಟಿದೆ. 2015ರ ಬಾಲ ನ್ಯಾಯ ಕಾಯ್ದೆಯಂತೆ, ಸಾಕಲಾಗದ ತಾಯಿ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಇದು ಅಪರಾಧವಲ್ಲ. ಮರುಯೋಚನೆಗೆ 2 ತಿಂಗಳ ಕಾಲಾವಕಾಶವಿದೆ. ಅಲ್ಲಿಯವರೆಗೆ ಮಗುವನ್ನು ದತ್ತು ಕೊಡುವಂತಿಲ್ಲ. ಪೊದೆಯಲ್ಲಿ ಬಿಟ್ಟರೋ, ಕೂಸಿನ ಜೀವಕ್ಕೂ ಅಪಾಯ, ಅವಳ ಮೇಲೆ ಕೇಸೂ ಬೀಳಬಹುದು. ಹಣ ಪಡೆದು ಯಾರ ಕೈಗಾದರೂ ಕೊಟ್ಟರೆ ಅದು ಮಾರಾಟ, ಶಿಕ್ಷಾರ್ಹ ಅಪರಾಧ.

ಹಾಗೆಂದು ಒಪ್ಪಿಸಿಬಿಡು ಎಂದು ಒತ್ತಾಯಿಸುವುದೂ ಸಲ್ಲದು. ಸಾಕುತ್ತೇನೆ ಎನ್ನುವವಳಿಗೆ ನಾವು ಆಸರೆಯಾಗಬೇಕು. ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ತಂದೆ ಜೀವನಾಂಶ ಕೊಡಬೇಕೆಂದು ಕಾನೂನಿದೆ. ತಲೆತಗ್ಗಿಸಬೇಕಾದವನು ಅವನು, ಅವನನ್ನು ಕೋರ್ಟಿಗೆ ಎಳೆಯುವ ಧೈರ್ಯ ಅವಳಿಗೆ ಬರಬೇಕಾದರೆ ಹಿಂದೆ ಹತ್ತು ಹೆಂಗಸರು ನಿಂತಿರಬೇಕು.

ಹೊರಗಿನ ಗೃಹಗಳಿಗಿಂತ ಮೊದಲು ಅವಳ ಕಣ್ಣಿಗೆ ಬೀಳುವುದು ನಿಮ್ಮ ಸಂಘ. ವಾರದ ಸಭೆಗೆ ಬರುವುದನ್ನೇ ಬಿಟ್ಟ ಹುಡುಗಿ, ಸೆರಗಿನಲ್ಲಿ ಹೊಟ್ಟೆ ಮುಚ್ಚಿಕೊಳ್ಳುವ ಸೊಸೆ, ಇವರನ್ನು ಮೊದಲು ಗುರುತಿಸುವವರು ನೀವೇ. 'ಯಾರದು?' ಎಂದು ಕೇಳಬೇಡಿ. 'ಊಟ ಆಯಿತಾ? ಡಾಕ್ಟರ ಹತ್ತಿರ ಹೋಗೋಣವಾ?' ಎಂದು ಕೇಳಿ. ಅವಳ ಗುಟ್ಟು ನಿಮ್ಮಲ್ಲೇ ಉಳಿಯಲಿ. ಹೆಂಗಸರ ಸಹಾಯಕ್ಕೆ 181, ಮಕ್ಕಳಿಗೆ 1098. ಈ ಎರಡು ಸಂಖ್ಯೆಗಳನ್ನು ಸಂಘದ ಉಳಿತಾಯ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.