ಮೊದಲು ಕಲಿಯಲಿ, ಆಮೇಲೆ ಹಾಡಲಿ?

ನಮ್ಮ ಕಾಲೇಜಿನ ಐವರು ವಿದ್ಯಾರ್ಥಿಗಳು ಸೇರಿ ಒಂದು ಬ್ಯಾಂಡು ಕಟ್ಟಿಕೊಂಡಿದ್ದಾರೆ. ಎರಡು ಗಿಟಾರು, ಒಂದು ತಬಲ, ಒಂದು ಕೀಬೋರ್ಡು, ಹಾಡುವುದಕ್ಕೆ ಒಬ್ಬ ಹುಡುಗಿ. ತಾವೇ ಬರೆದು ತಾವೇ ರಾಗ ಹಾಕಿದ ಎಂಟು ಹಾಡುಗಳನ್ನು ಈ ರಜೆಯಲ್ಲಿ ರೆಕಾರ್ಡು ಮಾಡಿ ಆಲ್ಬಂ ಹೊರತರಬೇಕೆಂಬುದು ಅವರ ಹಂಬಲ. ಒಬ್ಬನ ಮನೆಯ ಮಹಡಿಯ ಕೋಣೆಯೇ ಸ್ಟುಡಿಯೋ. ಬೀದಿಯ ಸದ್ದು ಒಳಬರದಂತೆ ಕಿಟಕಿಗೆ ರಜಾಯಿ. ಸುದ್ದಿ ಅಧ್ಯಾಪಕರ ಕೊಠಡಿಗೆ ಬಂದಾಗ, ಸಂಗೀತ ಬಲ್ಲ ನಮ್ಮ ಹಿರಿಯ ಮಿತ್ರರೊಬ್ಬರು, "ಸರಳೆ ವರಸೆ ನೆಟ್ಟಗೆ ಬಾರದವರಿಗೆ ಆಲ್ಬಂ ಬೇರೆ ಕೇಡು! ಮೊದಲು ಹತ್ತು ವರ್ಷ ಕಲಿಯಲಿ, ಮೇಷ್ಟ್ರೇ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಏಕೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಗುರುವಿನ ಅಪ್ಪಣೆಯಿಲ್ಲದೆ ಕಚೇರಿಗೆ ಕೂರಬಾರದೆಂಬ ಕಟ್ಟುಪಾಡಿನಿಂದಲೇ ನಮ್ಮ ಶಾಸ್ತ್ರೀಯ ಸಂಗೀತ ಉಳಿದುಬಂದಿದೆ. ಆದರೆ ಕಚೇರಿಯ ಅಳತೆಗೋಲಿನಿಂದ ಎಲ್ಲ ಹಾಡನ್ನೂ ಅಳೆಯಹೊರಟರೆ ಬೀಸುವ ಕಲ್ಲಿನ ಪದ, ಸೋಬಾನೆ ಪದಗಳನ್ನೂ ಬಾಯಿ ಮುಚ್ಚಿಸಬೇಕಾದೀತು. ಇನ್ನು ರೆಕಾರ್ಡಿಂಗಿನ ಮಾತು. ಮುಂದೆ ಮೈಸೂರು ಆಸ್ಥಾನ ಸೇರಿ 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್, 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದಾಗ ಯಂತ್ರವೂ ಕಂಪನಿಯದು, ಖರ್ಚೂ ಕಂಪನಿಯದು. ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷದ ಸಂಗೀತ. ಅಂದು ಯಾರು ಹಾಡಬೇಕೆಂದು ಆರಿಸುವವರು ಬೇಕಿತ್ತು. ಇಂದು ಒಂದು ಲ್ಯಾಪ್‌ಟಾಪು, ಒಂದು ಮೈಕು ಇದ್ದರೆ ಒಂದೊಂದು ವಾದ್ಯವನ್ನೂ ಬೇರೆಬೇರೆಯಾಗಿ ಹಿಡಿದು ಒಂದರ ಮೇಲೊಂದು ಹೊಂದಿಸಬಹುದು. ಕೆಟ್ಟರೆ ಅಳಿಸಿ ಮತ್ತೆ ಹಾಡಬಹುದು. ಕೋಟೆ ಬಿದ್ದುಹೋಗಿದೆ, ಕಾವಲುಗಾರರು ಮಾತ್ರ ಬಾಗಿಲು ಬಿಟ್ಟು ಕದಲಿಲ್ಲ!

"ಕಲಿಯದವರು ಆಲ್ಬಂ ಮಾಡಿದರೆ ಏನಾಗುತ್ತದೆ ಬಲ್ಲಿರಾ?" ಎಂದು ಕೇಳುವವರುಂಟು. ಬಲ್ಲೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಫ್ರೀಮಾಂಟ್ ಎಂಬ ಸಣ್ಣ ಊರಿನಲ್ಲಿ ವಿಗಿನ್ ಮನೆತನದ ಡಾಟ್, ಬೆಟ್ಟಿ, ಹೆಲೆನ್ ಎಂಬ ಅಕ್ಕತಂಗಿಯರಿದ್ದರು. ತಂದೆ ಆಸ್ಟಿನ್ ಅವರನ್ನು ಶಾಲೆ ಬಿಡಿಸಿ, ಕೈಗೆ ವಾದ್ಯ ಕೊಟ್ಟು, 'ದಿ ಶ್ಯಾಗ್ಸ್' ಎಂಬ ಬ್ಯಾಂಡು ಮಾಡಿದ. 1969ರಲ್ಲಿ ತನ್ನದೇ ಹಣ ಸುರಿದು 'ಫಿಲಾಸಫಿ ಆಫ್ ದಿ ವರ್ಲ್ಡ್' ಎಂಬ ಆಲ್ಬಂ ಮಾಡಿಸಿದ. ಸ್ವರ ಒಂದು ಕಡೆ, ತಾಳ ಒಂದು ಕಡೆ. 1,000 ಪ್ರತಿ ಅಚ್ಚಾಗಬೇಕಿತ್ತು. ಬಹುಪಾಲು ಕೇಳುಗರ ಕೈ ಸೇರಲೇ ಇಲ್ಲ. 1975ರಲ್ಲಿ ತಂದೆ ತೀರಿಕೊಂಡ, ಬ್ಯಾಂಡೂ ಮುಗಿಯಿತು. ಕಥೆ ಮುಗಿಯಲಿಲ್ಲ. 1980ರಲ್ಲಿ ಆ ಆಲ್ಬಂ ಮರುಮುದ್ರಣವಾಯಿತು. ನಿರ್ವಾಣ ತಂಡದ ಕರ್ಟ್ ಕೊಬೇನ್ ತನ್ನ ಮೆಚ್ಚಿನ ಆಲ್ಬಂಗಳ ಪಟ್ಟಿಯಲ್ಲಿ ಅದನ್ನೂ ಬರೆದಿಟ್ಟ.

ಇದರಿಂದ ಅಪಸ್ವರವೇ ಕಲೆಯೆಂದು ವಾದಿಸುವಷ್ಟು ಮರುಳು ನನಗಿಲ್ಲ. ಆ ಹುಡುಗಿಯರ ಹಾಡಿಗಿಂತ ಆ ತಂದೆಯ ಹಟವೇ ನನ್ನ ಕಿವಿಗೆ ಕರ್ಕಶ. ಆದರೂ ಒಲ್ಲದ ಮನಸ್ಸಿನಿಂದ ಹಾಡಿದ ಆ ಹಾಡುಗಳಲ್ಲೇ ಬೇರೆ ಯಾರಿಂದಲೂ ಬಾರದ ಒಂದು ದನಿ ಉಳಿದಿದ್ದರೆ, ತಾವಾಗಿ ಒಲಿದು ಹಾಡುವವರನ್ನು ತಡೆಯಲು ನಾವು ಯಾರು?

ನನ್ನ ಜಗಳ ಬೇರೊಂದು ಕಡೆಗೂ ಇದೆ. ಮೊನ್ನೆ ಆ ಹುಡುಗಿ ಬಂದು, "ಸರ್, ಮೂರನೇ ಹಾಡಿನಲ್ಲಿ ನನ್ನ ಸ್ವರ ಇಳಿದುಬಿಡುತ್ತೆ. ಕಂಪ್ಯೂಟರಿನಲ್ಲೇ ಸರಿಮಾಡ್ತೀನಿ ಅಂತಾನೆ ಇವನು. ಮಾಡಿಸಲಾ?" ಎಂದಳು. ಶ್ರುತಿ ತಿದ್ದುವ ಆಟೋಟ್ಯೂನ್ ಎಂಬ ಸಾಧನ 1997ರಲ್ಲಿ ಬಂತು. ಇಂದು ಎಲ್ಲೆಲ್ಲೂ ಅದೇ. "ಬೇಡಮ್ಮ, ಐವತ್ತು ಸಲವಾದರೂ ನೀನೇ ಹಾಡು" ಎಂದೆ. ತನ್ನ ದನಿಯನ್ನು ತಾನೇ ಹೊರಗೆ ನಿಂತು ಕೇಳಿದವನಿಗೆ ತನ್ನ ತಪ್ಪು ತಿಳಿಯುವಂತೆ ಬೇರಾರಿಗೂ ತಿಳಿಯದು. ರೆಕಾರ್ಡಿಂಗೇ ಒಂದು ಪಾಠ. ಯಂತ್ರದಿಂದ ತಿದ್ದಿಸಿಕೊಂಡವರು ಪಾಠ ತಪ್ಪಿಸಿಕೊಂಡು ಅಂಕ ಮಾತ್ರ ಪಡೆದಂತೆ. ಕಲಿತ ಮೇಲೆ ಹಾಡಿ ಎನ್ನುವ ಹಿರಿಯರೂ ಕಲಿಯದೆಯೇ ಕಲಿತವರಂತೆ ಕೇಳಿಸಬೇಕೆನ್ನುವ ಕಿರಿಯರೂ ಅಂಜುವುದು ಒಂದಕ್ಕೇ: ತಪ್ಪು ನಾಲ್ಕು ಜನರ ಕಿವಿಗೆ ಬಿದ್ದೀತೆಂಬುದಕ್ಕೆ.

ಕನ್ನಡಿಗರಾದ ನಮಗೆ ಈ ಅಂಜಿಕೆ ಸಲ್ಲದು. ಭೂವಿಜ್ಞಾನ ಓದಿಬಂದ ಕೈಲಾಸಂ, ಕಂಪನಿ ನಾಟಕದವರಿಂದ ಅಪ್ಪಣೆ ಪಡೆದು ಬರೆದರೇ? ಮನೆಯ ಮಾತನ್ನು ರಂಗಕ್ಕೆ ತಂದ ಆ ನಾಟಕಗಳನ್ನು ಆಡಿ ಮೆರೆಸಿದವರು ಹವ್ಯಾಸಿಗಳು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗರು ಹುಟ್ಟಿದ್ದು ಹಾಗೆ.

ನನ್ನದೂ ಒಂದು ಮಾತು. 2003ರ ಸುಮಾರಿಗೆ, ಎಂ.ಎ. ಓದುತ್ತಿದ್ದಾಗ, ನಾವು ನಾಲ್ವರು ಗೆಳೆಯರು ಸೇರಿ ನಮ್ಮವೇ ಆರು ಹಾಡುಗಳನ್ನು ಸಿದ್ಧಮಾಡಿದ್ದೆವು. ಟೇಪ್ ರೆಕಾರ್ಡರು ಕಡ ತಂದದ್ದೂ ಆಗಿತ್ತು. ನಾವು ಗೌರವಿಸುತ್ತಿದ್ದ ಹಿರಿಯರೊಬ್ಬರು ಕೇಳಿ, "ಇನ್ನೂ ಹಣ್ಣಾಗಿಲ್ಲ, ಕಾಯಿರಿ" ಎಂದರು. ಕಾದೆವು. ಕೆಲಸ, ಮದುವೆ, ವರ್ಗ ಎಂದು ಚದುರಿದೆವು. ನಮ್ಮಲ್ಲಿ ಚೆನ್ನಾಗಿ ಹಾಡುತ್ತಿದ್ದವನು ನಾಲ್ಕು ವರ್ಷದ ಕೆಳಗೆ ತೀರಿಕೊಂಡ. ತಿಥಿಯ ದಿನ ಅವನ ತಾಯಿ, "ಅವನು ಹಾಡಿದ್ದು ಯಾವುದಾದರೂ ನಿನ್ನ ಹತ್ತಿರ ಇದೆಯೇನಪ್ಪಾ?" ಎಂದು ಕೇಳಿದರು. ಇರಲಿಲ್ಲ.

ಆದ್ದರಿಂದ ನನ್ನ ಹಿರಿಯ ಮಿತ್ರರಲ್ಲಿ ಒಂದು ಬಿನ್ನಹ. ಹುಡುಗರ ಎಂಟು ಹಾಡುಗಳನ್ನೂ ಪೂರ್ತಿ ಕೇಳಿರಿ. ಶ್ರುತಿ ತಪ್ಪಿದ ಕಡೆ ಬೆರಳಿಟ್ಟು ತೋರಿಸಿರಿ, ಬೈಯಬೇಕೆನಿಸಿದರೆ ಬೈಯಿರಿ. ಆದರೆ ಅದೆಲ್ಲ ಅವರು ಹಾಡಿದ ಮೇಲೆ.